ಬಿಳಿ ಬಟ್ಟೆಯ ಜೀತ

ನನ್ನ ಮೂರು ವರ್ಷದ ಮಾರ್ಕ್ಸ್ ಕಾರ್ಡು, ಎಸ್ಸೆಸ್ಸೆಲ್ಸಿ ಕಾರ್ಡು, ಟಿ.ಸಿ., ಜಾತಿ ಸರ್ಟಿಫಿಕೇಟು ಎಲ್ಲವೂ ಒಂದು ಕಬ್ಬಿಣದ ಬೀರುವಿನಲ್ಲಿದ್ದವು. ಬೀರುವಿನ ಕೀಲಿ ನಾನು ಓದಿದ ನರ್ಸಿಂಗ್ ಶಾಲೆಯ ಆಫೀಸಿನಲ್ಲಿತ್ತು. ಕೋರ್ಸು ಮುಗಿಸಿ, ಪಾಸಾಗಿ, ನನ್ನ ಕಾಗದ ಕೊಡಿ ಅಂತ ಕೇಳಲು ಅವ್ವನನ್ನು ಕರೆದುಕೊಂಡು ಹೋದೆ. ಕುರ್ಚಿಯಲ್ಲಿದ್ದವನು ತಲೆ ಎತ್ತದೆ ಹೇಳಿದ: 'ಒಂದು ವರ್ಷ ನಮ್ಮ ಆಸ್ಪತ್ರೇಲೇ ದುಡೀಬೇಕು. ತಿಂಗಳಿಗೆ 8,000. ಆಗಲ್ಲ ಅಂದ್ರೆ 50,000 ಕಟ್ಟಿ, ತಗೊಂಡೋಗಿ.'

ಅವ್ವ ಓದಿದವಳಲ್ಲ. ಹೊರಗೆ ಬಂದು ಒಂದೇ ಮಾತು ಕೇಳಿದಳು: 'ಇದು ನಿಮ್ ತಾತನ ಜೀತ ಇದ್ದಂಗೇ ಐತಲ್ಲಮ್ಮಿ?'

ಅವತ್ತು ನನಗೆ ಬಾಯಿ ಬರಲಿಲ್ಲ. ಈ ಬರಹ ಅವ್ವನಿಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ. ಹೌದವ್ವಾ, ಇದು ಜೀತವೇ.

ತಂಗಿಯ ಮದುವೆಗೆ ತಂದ ಸಾಲಕ್ಕೆ ನನ್ನ ತಾತ ಗೌಡರ ಮನೆಯಲ್ಲಿ ಜೀತಕ್ಕಿದ್ದ. ಸಾಲ ಎಷ್ಟು ತೀರಿತು, ಎಷ್ಟು ಉಳಿಯಿತು ಎಂಬ ಲೆಕ್ಕ ಗೌಡರ ಪುಸ್ತಕದಲ್ಲಿತ್ತು. ತಾತನಿಗೆ ಅಕ್ಷರ ಬರುತ್ತಿರಲಿಲ್ಲ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯಿದೆ ಬಂತು. ಆ ಕಾಯಿದೆ ಹೇಳುವುದೇನು? ಸಾಲ, ಮುಂಗಡಗಳ ಹೆಸರಿನಲ್ಲಿ ಒಬ್ಬ ಮನುಷ್ಯ ಬೇರೆ ಕಡೆ ಕೆಲಸ ಹುಡುಕುವ ಸ್ವಾತಂತ್ರ್ಯವನ್ನು, ತನ್ನ ದುಡಿಮೆಯನ್ನು ಪೇಟೆಯ ದರಕ್ಕೆ ಮಾರುವ ಹಕ್ಕನ್ನು ಕಳೆದುಕೊಂಡರೆ ಅದು ಜೀತ. ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ. ಹೊಡೆದು ಬಡಿದು ಮಾಡಿದ್ದಷ್ಟೇ ಬಲವಂತವಲ್ಲ, ಹಸಿವು ಬಡತನದ ಒತ್ತಡವೂ ಬಲವಂತವೇ ಎಂದಿತು.

ತಾತನ ಹತ್ತಿರ ಅಕ್ಷರವಿರಲಿಲ್ಲ, ಜೀತಕ್ಕೆ ಬಿದ್ದ. ನನ್ನ ಹತ್ತಿರ ಅಕ್ಷರವಿತ್ತು, ಅದನ್ನೇ ಒತ್ತೆ ಇಟ್ಟುಕೊಂಡರು. ಗೌಡರ ಪುಸ್ತಕದ ಜಾಗಕ್ಕೆ ಛಾಪಾ ಕಾಗದ ಬಂದಿದೆ. ಅದಕ್ಕೆ 'ಬಾಂಡ್' ಎಂದು ಹೆಸರು.

ಈ ಶಾಲೆಗಳ ಒಡೆಯರಿಗೆ ಒಂದು ವಾದವುಂಟು. 'ನಾವು ಖರ್ಚು ಮಾಡಿ ಕಲಿಸ್ತೀವಿ, ಕಲಿತ ಮೇಲೆ ಹಾರಿಹೋಗ್ತಾರೆ' ಅಂತಾರೆ. ಯಾರ ಖರ್ಚು ಸ್ವಾಮಿ? ಫೀಸು ಅವ್ವನ ಕೂಲಿಯದ್ದು. ಮಿಕ್ಕಿದ್ದು ವಿದ್ಯಾರ್ಥಿವೇತನ. ದಲಿತರ ಉಚ್ಚ ಶಿಕ್ಷಣಕ್ಕೆ ಸರ್ಕಾರದ ಹಣ ಬೇಕೆಂದು 1942ರಲ್ಲಿ ವೈಸರಾಯರಿಗೆ ಮನವಿ ಬರೆದವರು ಬಾಬಾಸಾಹೇಬರು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾಯಿತು. ಆ ಹಣ ತಡವಾದಾಗಲೆಲ್ಲ ನಮ್ಮನ್ನು ಕ್ಲಾಸಿನಿಂದ ಎಬ್ಬಿಸಿ ಹೊರಗೆ ನಿಲ್ಲಿಸಿದರು. ಹಾಗಿದ್ದೂ ರಾತ್ರಿ ಪಾಳಿಗೆ ಮಾತ್ರ ನಮ್ಮನ್ನು ಹೊರಗೆ ನಿಲ್ಲಿಸಲಿಲ್ಲ. ನಲವತ್ತು ಹಾಸಿಗೆಯ ವಾರ್ಡಿಗೆ ಇಬ್ಬರು ವಿದ್ಯಾರ್ಥಿನಿಯರು. ಸಂಬಳದ ನರ್ಸು ಮಾಡಬೇಕಾದ ಕೆಲಸವನ್ನು ಫೀಸು ಕಟ್ಟಿದ ಹುಡುಗಿಯಿಂದ ಮಾಡಿಸಿ, ಅದಕ್ಕೆ ಕಲಿಕೆ ಅಂತ ಹೆಸರಿಟ್ಟರು. ಮೂರು ವರ್ಷದಲ್ಲಿ ಯಾರು ಯಾರಿಗೆ ಸಾಲಗಾರರು, ಲೆಕ್ಕ ಹಾಕಿ ನೋಡೋಣ ಬನ್ನಿ.

ಇನ್ನು ಕೆಲವು ಶಾಲೆಗಳಿಗೆ ರೋಗಿಗಳೇ ಇಲ್ಲ. ಗೆಳತಿಯೊಬ್ಬಳ ಶಾಲೆಯಲ್ಲಿ ತಪಾಸಣೆಯ ದಿನ ವಿದ್ಯಾರ್ಥಿನಿಯರನ್ನೇ ಹಾಸಿಗೆಯ ಮೇಲೆ ಮಲಗಿಸಿ ಕಂಬಳಿ ಹೊದಿಸಿದರಂತೆ. ಅವಳು ಪಾಸಾದಳು. ಆದರೆ ಕೆಲಸದ ಸಂದರ್ಶನದಲ್ಲಿ ನರ ಹುಡುಕಿ ಸೂಜಿ ಹಾಕು ಎಂದಾಗ ಕೈ ನಡುಗಿತು. ತಪ್ಪು ಅವಳ ಕೈಯದ್ದಲ್ಲ.

ವಾರ್ಡಿನ ಒಳಗೂ ಊರು-ಕೇರಿ ಇದೆ. ಮೊದಲ ವರ್ಷದ ಸಮಾಜಶಾಸ್ತ್ರದಲ್ಲಿ ಜಾತಿ ಪದ್ಧತಿಯ ಪಾಠವಿತ್ತು. ಎಂದೋ ಮುಗಿದುಹೋದ ಕಥೆಯ ಹಾಗೆ ಓದಿಸಿದರು. ಅದೇ ಸಂಜೆ ಮಾತ್ರೆಗೆ ನೀರು ಕೊಟ್ಟರೆ ಮುದುಕಿಯೊಬ್ಬಳು ಕೇಳಿದಳು: 'ಯಾವ ಪೈಕಿಯಮ್ಮಾ ನೀನು?' ನಾನು ಹೇಳಿದೆ. ಲೋಟ ಹಾಗೇ ಉಳಿಯಿತು. ಬೆಡ್‌ಪ್ಯಾನ್ ಎತ್ತುವ ಪಾಳಿಯ ಪಟ್ಟಿಯಲ್ಲಿ ನಮ್ಮ ಕೇರಿಯ ಹೆಸರುಗಳು ಪದೇ ಪದೇ ಯಾಕೆ ಬರುತ್ತವೆ ಅಂತ ಕೇಳಿದ್ದಕ್ಕೆ 'ಸೇವೆಯಲ್ಲಿ ಮೇಲು ಕೀಳು ಇಲ್ಲಮ್ಮ' ಎಂಬ ಉಪದೇಶ ಸಿಕ್ಕಿತು. ಮೇಲು ಕೀಳು ಇಲ್ಲದಿದ್ದರೆ ಪಾಳಿ ಎಲ್ಲರಿಗೂ ಸಮನಾಗಿ ಸುತ್ತಬೇಕಿತ್ತಲ್ಲ?

ಸೇವೆ! ಈ ಮಾತನ್ನು ಕೇಳಿ ಕೇಳಿ ಕಿವಿ ತೂತಾಗಿದೆ. ನನ್ನ ಅಜ್ಜಿ ಸೂಲಗಿತ್ತಿ. ಊರಿನ ದೊಡ್ಡ ಮನೆಗಳ ಮಕ್ಕಳ ಹೊಕ್ಕುಳಬಳ್ಳಿ ಕತ್ತರಿಸಿದ ಕೈ ಅವಳದ್ದು. ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ, ಹಿತ್ತಲ ಬಾಗಿಲಿನಿಂದಲೇ ಹೊರಗೆ ಬರುತ್ತಿದ್ದಳು. ಮೊರದ ತುಂಬ ರಾಗಿ ಸಿಕ್ಕರೆ ಪುಣ್ಯ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಆ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಸಾವಿರಾರು ಹೆರಿಗೆ ಮಾಡಿಸಿದ ಆ ತಾಯಿಗೆ ನಮಸ್ಕಾರ. ಆದರೆ ಒಬ್ಬರಿಗೆ ಹಾರ ಹಾಕಿ, ಅವರ ಹಾಗೆ ದುಡಿದ ಸಾವಿರ ಕೈಗಳಿಗೆ ಕೂಲಿ ಕೊಡದೇ ಇರುವುದು ಈ ದೇಶದ ಹಳೆಯ ಜಾಣತನ.

ನಮಗೆ ದೀಪ ಹಿಡಿಸಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನಲ್ಲಿ ಪ್ರಮಾಣ ಮಾಡಿಸಿದರು. ಆಕೆ ದೊಡ್ಡವಳು, ತಕರಾರಿಲ್ಲ. ಆದರೆ ಸಾವಿತ್ರಿಬಾಯಿ ಫುಲೆಯ ಹೆಸರನ್ನು ಮೂರು ವರ್ಷದಲ್ಲಿ ಒಬ್ಬರೂ ಎತ್ತಲಿಲ್ಲ. 1897ರಲ್ಲಿ ಪುಣೆಯ ಸುತ್ತ ಪ್ಲೇಗು ಹಬ್ಬಿದಾಗ, ಮುಂಢ್ವಾದ ಮಹಾರರ ಕೇರಿಯಿಂದ ಪ್ಲೇಗು ತಗುಲಿದ ಹುಡುಗನನ್ನು ಹೊತ್ತು ತಂದು, ಅದೇ ರೋಗ ಅಂಟಿ ಸತ್ತವರು ಆಕೆ. ಅದು ಶುಶ್ರೂಷೆಯಲ್ಲದೆ ಮತ್ತೇನು? ಕೇರಿಯ ಹುಡುಗಿಯರಿಗೆ ಈ ಕಥೆ ಗೊತ್ತಾದರೆ ತಲೆ ಎತ್ತಿ ನಡೆದಾರು ಎಂಬ ಭಯವೆ?

2020ರ ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ದೇಶದ ಆಸ್ಪತ್ರೆಗಳ ಮೇಲೆ ಹೂ ಸುರಿದವು. ಕೊರೊನಾ ಕಾಲದ ದೇವತೆಗಳು ನಾವು. ದೇವತೆಗೆ ಹೂವು ಸಾಕು, ಸಂಬಳ ಬೇಡ. ಎಲ್ಲರೂ ನಮ್ಮನ್ನು 'ಸಿಸ್ಟರ್' ಅಂತಾರೆ. ತಂಗಿಯ ಪಾಲು ಕೇಳಿದ ದಿನ ಮಾತ್ರ ನಾವು ಯಾರೋ, ಅವರು ಯಾರೋ.

ಪಾಲು ಎಷ್ಟು ಅನ್ನುವುದನ್ನು ನಾನು ಹೇಳುತ್ತಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2016ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಸಮಿತಿ ಹೇಳಿದೆ. 200 ಹಾಸಿಗೆ ಮೀರಿದ ಖಾಸಗಿ ಆಸ್ಪತ್ರೆಯಲ್ಲಿ ದಾದಿಯ ಸಂಬಳ ರಾಜ್ಯ ಸರ್ಕಾರದ ದಾದಿಯ ಸಂಬಳಕ್ಕೆ ಸಮನಾಗಿರಬೇಕು. 100 ಮೀರಿದ್ದರೆ ಅದಕ್ಕಿಂತ ಶೇ. 10ಕ್ಕೂ ಹೆಚ್ಚು ಕಡಿಮೆಯಾಗಕೂಡದು. 50ರಿಂದ 100ರವರೆಗೆ ಶೇ. 25ಕ್ಕೂ ಹೆಚ್ಚು ಕಡಿಮೆಯಾಗಕೂಡದು. 50ಕ್ಕೂ ಕಡಿಮೆ ಹಾಸಿಗೆಯ ನರ್ಸಿಂಗ್ ಹೋಮಾದರೂ 20,000 ರೂಪಾಯಿಗೆ ಇಳಿಯದಂತೆ ಕೊಡಬೇಕು. 'ನಮ್ಮದು ಸಣ್ಣ ಆಸ್ಪತ್ರೆ, ತಾಳಲ್ಲ' ಎನ್ನುವವರ ನೆಪಕ್ಕೂ ಅದರಲ್ಲೇ ಉತ್ತರವಿದೆ. ಆದರೆ ಅದು ಶಿಫಾರಸು. ಜಾರಿಗೆ ತರುವ ಹೊಣೆ ರಾಜ್ಯಗಳದ್ದು. ಶಿಫಾರಸು ತಾನಾಗಿ ನಡೆದು ಬರುವುದಿಲ್ಲ. ಕೇರಳದ ಖಾಸಗಿ ಆಸ್ಪತ್ರೆಯ ದಾದಿಯರು 2017ರಲ್ಲಿ ಬೀದಿಗಿಳಿದರು. 2018ರಲ್ಲಿ ಅಲ್ಲಿನ ಸರ್ಕಾರ 20,000 ರೂಪಾಯಿಯ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು. ಅದು ಯಾವ ದೀಪ ಹಿಡಿದು ಪಡೆದದ್ದಲ್ಲ, ಸಂಘ ಕಟ್ಟಿ ಪಡೆದದ್ದು.

ಬೀರುವಿನಿಂದ ಬಿಡಿಸಿಕೊಂಡು ಬಂದವಳಿಗೆ ಇನ್ನೊಂದು ಬೀರು ಕಾದಿರುತ್ತದೆ. ಏಮ್ಸ್ ಆಸ್ಪತ್ರೆಗಳ ನಾರ್ಸೆಟ್ ಪರೀಕ್ಷೆಗೆ ಜಿ.ಎನ್.ಎಂ. ಮಾಡಿದವಳು ಕೂರಬೇಕಾದರೆ 50 ಹಾಸಿಗೆಗೆ ಕಡಿಮೆಯಿಲ್ಲದ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದ ಅನುಭವ ತೋರಿಸಬೇಕು. ಆ ಅನುಭವದ ಪತ್ರ ಯಾರ ಕೈಯಲ್ಲಿದೆ? ಅದೇ ಒಡೆಯನ ಕೈಯಲ್ಲಿ. ಸಂಬಳ ಜಾಸ್ತಿ ಕೇಳಿದವಳಿಗೆ ಪತ್ರವಿಲ್ಲ. ಹೀಗೆ ಕಾಗದದಿಂದ ಕಾಗದಕ್ಕೆ ಕಟ್ಟಿಹಾಕುತ್ತಾರೆ.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಹುಡುಗಿಯನ್ನು ಏಜೆಂಟನ ಮಾತು ಕೇಳಿ ಕಳಿಸಬೇಡಿ. ಆ ಶಾಲೆಗೆ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ, ರೋಗಿಗಳಿರುವ ಆಸ್ಪತ್ರೆ ಇದೆಯೇ ಹೋಗಿ ನೋಡಿ. ಮೂಲ ಕಾಗದ ತೋರಿಸಿ ವಾಪಸು ತರಬೇಕು, ಕೊಡುವುದು ನಕಲು ಮಾತ್ರ. ಕಟ್ಟಿದ ಪ್ರತಿ ರೂಪಾಯಿಗೂ ರಶೀದಿ ಇರಬೇಕು. ಇನ್ನೊಂದು ಮಾತು: ರೋಗಿಯ ನೋವು ಕನ್ನಡದಲ್ಲಿರುತ್ತದೆ, ಚಾರ್ಟು ಇಂಗ್ಲಿಷಿನಲ್ಲಿರುತ್ತದೆ. 'ಎದೆ ಹಿಡ್ಕಂಡಂಗಾಯ್ತದೆ' ಅಂದರೆ ಏನು ಎಂದು ತಿಳಿದವಳು ನಮ್ಮ ಹುಡುಗಿ. ಅದನ್ನು ಬರೆಯುವಷ್ಟು ಇಂಗ್ಲಿಷನ್ನು ಅವಳಿಗೆ ಎಸ್ಸೆಸ್ಸೆಲ್ಸಿ ದಾಟುವುದರೊಳಗೆ ಕೊಡಿ. ಅದಿಲ್ಲದೆ ನಾನು ಅನಾಟಮಿ ಪುಸ್ತಕದ ಮುಂದೆ ಕೂತು ಅತ್ತ ರಾತ್ರಿಗಳು ಬಹಳ.

ಸಂಘಟನೆಯ ಗೆಳೆಯರೇ, ನಾವು ಹೊಲದ ಜೀತದ ವಿರುದ್ಧ ಮೆರವಣಿಗೆ ಮಾಡಿದ್ದೇವೆ. ಈ ಜೀತಕ್ಕೆ ಬಿಳಿ ಬಟ್ಟೆ ತೊಡಿಸಿದ್ದಾರೆಂದು ಸುಮ್ಮನಿರುವುದು ಯಾಕೆ? ಜೀತ ಕಾಯಿದೆಯಲ್ಲಿ ಅಧಿಕಾರವಿರುವುದು ಜಿಲ್ಲಾಧಿಕಾರಿಗೆ. ಅವರ ಮುಂದೆ ಅರ್ಜಿ ಇಡಿ, ಪರಿಷತ್ತಿಗೂ ಬರೆಯಿರಿ. ಅರ್ಜಿ ಹಿಡಿದು ಜೊತೆಗೆ ನಿಲ್ಲಿ.

ನಾನು ಆ ಒಂದು ವರ್ಷ ದುಡಿದೆ. ಬೇರೆ ದಾರಿ ಗೊತ್ತಿರಲಿಲ್ಲ. 8,000ದಲ್ಲಿ ಹಾಸ್ಟೆಲಿನ ಊಟದ ದುಡ್ಡನ್ನೂ ಮುರಿದುಕೊಂಡರು. ಕಾಗದ ಕೈಗೆ ಬಂದ ದಿನ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದೆ. ಇವತ್ತು ಗುತ್ತಿಗೆ ದಾದಿಯಾಗಿದ್ದೇನೆ; ಅದರ ಕಥೆ ಇನ್ನೊಂದು ಸಲ.

ಕೋರ್ಸು ಮುಗಿಸುತ್ತಿರುವ ತಂಗಿಯರೇ, ಕಾಗದ ಕೇಳಲು ಒಬ್ಬೊಬ್ಬರೇ ಹೋಗಬೇಡಿ. ನಾನು ಅವ್ವನ ಜೊತೆ ಹೋಗಿದ್ದೆ. ನೀವು ಇಡೀ ಬ್ಯಾಚು ಹೋಗಿ.