ಬತ್ತದ ಮಿಡತೆಯೂ ಗದ್ದೆಯ ಬದುವೂ

ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಯಲ್ಲಿ ಮಿಡತೆಗಳೆಲ್ಲವೂ ಒಂದೇ ಎಂದು ಭಾವಿಸುವವರುಂಟು. ಇದು ಸರಿಯಲ್ಲ. ಒಂದೊಂದು ಜಾತಿಗೂ ಅದರದೇ ಆದ ನೆಲೆಯಿರುವುದು. ಬಳ್ಳಾರಿ, ಧಾರವಾಡಗಳ ಕಡೆಯ ಜೋಳದ ಮಿಡತೆಗೆ ಹಾರತಕ್ಕ ರೆಕ್ಕೆಗಳಿಲ್ಲ. ಮೈಸೂರು ಸಂಸ್ಥಾನದ ಕೀಟಶಾಸ್ತ್ರಜ್ಞರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್‌ಮನ್‌ರವರ ಹೆಸರಿನಿಂದ 1910ರಲ್ಲಿ ಅದಕ್ಕೆ ಕೋಲ್‌ಮೇನಿಯಾ ಎಂದು ನಾಮಕರಣವಾಯಿತು. ಬತ್ತದ ಮಿಡತೆಯಾದರೋ ಬೇರೆ. ಅದನ್ನು ಕುರಿತು ಕೋಲ್‌ಮನ್‌ರವರೂ ಕುಂಞಿ ಕಣ್ಣನ್‌ರವರೂ 1911ರಲ್ಲಿಯೇ ಕೃಷಿ ಇಲಾಖೆಯ ಪುಸ್ತಿಕೆಯೊಂದನ್ನು ಪ್ರಕಟಿಸಿದರು.

ಅರಸೀಕೆರೆಯ ಕಡೆ ಮಳೆ ಕಡಿಮೆ. ರಾಗಿಯೂ ತೆಂಗೂ ಹೆಚ್ಚು. ಅಲ್ಲಿ ಈ ಕೀಟವನ್ನು ಹುಡುಕತಕ್ಕ ಸ್ಥಳವು ಕೆರೆಗಳ ಅಚ್ಚುಕಟ್ಟು. ಬೇಲೂರಿನ ಪಶ್ಚಿಮಕ್ಕೆ ಮಲೆನಾಡಿನ ಗದ್ದೆಬಯಲುಗಳಿವೆ. ಹಳೇಬೀಡಿನಲ್ಲಿ ಕೆರೆಯ ಕೆಳಗಿನ ಗದ್ದೆಯೂ ಬೆದ್ದಲೂ ಹುಲ್ಲುಗಾವಲೂ ಒಂದರ ಮಗ್ಗುಲಿಗೆ ಒಂದಿರುವುದರಿಂದ ಅಲ್ಲಿ ಹೆಚ್ಚು ಎಚ್ಚರಿಕೆ ಅವಶ್ಯಕ.

ತಾಯಿಮಿಡತೆಯು ತತ್ತಿಗಳನ್ನಿಡುವುದು ಮುಖ್ಯವಾಗಿ ಬದುವಿನ ಮಣ್ಣಿನಲ್ಲಿ, ಕೆಲವೇ ಅಂಗುಲಗಳ ಆಳದಲ್ಲಿ. ಬೇಸಿಗೆಯೆಲ್ಲವೂ ಅವು ಅಲ್ಲಿಯೇ ಇದ್ದು, ಮುಂಗಾರು ಬಿದ್ದ ಬಳಿಕ ಒಡೆಯುವುವು. ಮರಿಗಳು ಮೊದಲು ಬದುವಿನ ಹುಲ್ಲನ್ನು ತಿಂದು ಅನಂತರ ಪೈರಿಗೆ ಇಳಿಯುವುವು. ವರ್ಷಕ್ಕೆ ಒಂದೇ ಸಂತತಿ. ಹೀಗಿರುವಲ್ಲಿ ಗದ್ದೆಯನ್ನು ಎಷ್ಟು ಉತ್ತರೂ ಬದುವನ್ನು ಮುಟ್ಟದಿದ್ದರೆ ಫಲವೇನು? ಬಹುಕಾಲ ರೈತರು ನೆಚ್ಚಿಕೊಂಡಿದ್ದ ಬಿ.ಎಚ್.ಸಿ. ಪುಡಿಯು 1997ರಲ್ಲಿ ನಿಷಿದ್ಧವಾಯಿತು. ಆದರೂ ಪೈರು ಹಾಳಾದ ಮೇಲೆ ಔಷಧದ ಅಂಗಡಿಗೆ ಓಡುವ ಪದ್ಧತಿ ನಿಂತಿಲ್ಲ.

ಕೊಯಿಲಾದ ಮೇಲೆ ಬದುವಿನ ಪಕ್ಕಗಳನ್ನು ತೆಳುವಾಗಿ ಕೆತ್ತಿದರೆ ತತ್ತಿಗಳು ಬಿಸಿಲಿಗೂ ಪಕ್ಷಿಗಳಿಗೂ ಈಡಾಗುವುವು. ಬದು ಸಡಿಲವಾಗುವುದೆಂದೂ ದನಗಳ ಮೇವು ಹೋಗುವುದೆಂದೂ ಕೆಲವರು ಆಕ್ಷೇಪಿಸುವರು. ಮೊದಲನೆಯದಕ್ಕೆ, ನಾಟಿಯ ಕಾಲದಲ್ಲಿ ಕೆಸರು ಮೆತ್ತುವ ಹಳೆಯ ವಾಡಿಕೆಯೇ ಪರಿಹಾರ. ಮೇವಿನ ನಷ್ಟವು ನಿಜವೇ. ಆದರೆ ಮರಿಗಳು ಬಲಿಯುವುದೂ ಆ ಹುಲ್ಲಿನಲ್ಲಿಯೇ. ಕೆರೆಯ ಏರಿಯನ್ನು ಮಾತ್ರ ಯಾರೂ ಕೆದಕತಕ್ಕದ್ದಲ್ಲ.

ಕಷ್ಟವಿರುವುದು ಬೇರೆ ಕಡೆ. ಬೆಳೆದ ಮಿಡತೆಗೆ ರೆಕ್ಕೆಯಿರುವುದರಿಂದ ಒಬ್ಬನು ಕೆತ್ತಿ ನೆರೆಯವನು ಸುಮ್ಮನಿದ್ದರೆ ಕೆತ್ತಿದವನ ಶ್ರಮ ವ್ಯರ್ಥ. ಒಡೆಯರು ಪಟ್ಟಣದಲ್ಲಿದ್ದು ಬೀಳುಬಿಟ್ಟ ಗದ್ದೆಗಳ ಬದುಗಳೇ ಇಂದು ದೊಡ್ಡ ತೊಂದರೆ. ಅಂತಹ ಬದುಗಳ ಕೂಲಿಯನ್ನು ಅವುಗಳ ಒಡೆಯರೇ ಕೊಡುವುದು ನ್ಯಾಯ. ಗ್ರಾಮದ ಮುಖಂಡರು ಅಚ್ಚುಕಟ್ಟುದಾರರನ್ನು ಸೇರಿಸಿ, ಈ ವಿಷಯವನ್ನು ಸುಗ್ಗಿ ಮುಗಿದೊಡನೆಯೇ ತೀರ್ಮಾನಿಸಿಕೊಂಡು, ಭರಣಿ ಮಳೆಗೆ ಮುಂಚೆ ಕೆಲಸವನ್ನು ಪೂರೈಸಬೇಕು. ರೋಹಿಣಿ ಕಳೆದು ಮೃಗಶಿರ ಹುಟ್ಟುವ ವೇಳೆಗೆ ತತ್ತಿಯೊಡೆದಿದ್ದರೆ ಆ ವರ್ಷಕ್ಕೆ ಗುದ್ದಲಿಯಿಂದ ಪ್ರಯೋಜನವಿಲ್ಲ.