ಮಿದುಳಿನ ಚಿತ್ರ ಮತ್ತು ಹಿಂಸೆಯ ಹಣೆಪಟ್ಟಿ

ಹಿಂಸೆಯ ಸುದ್ದಿಯೊಂದರ ಜೊತೆಗೆ ‘ಆರೋಪಿ ಮಾನಸಿಕ ಅಸ್ವಸ್ಥ’ ಎಂಬ ಮಾತು ಸೇರಿಕೊಂಡರೆ ನಮ್ಮ ಬಹುಪಾಲು ಪ್ರಶ್ನೆಗಳು ಅಲ್ಲಿಗೇ ನಿಂತುಬಿಡುತ್ತವೆ. ಈಗ ಆ ಮಾತಿಗೆ ಬಣ್ಣಬಣ್ಣದ ಮಿದುಳಿನ ಚಿತ್ರಗಳ ಬೆಂಬಲವೂ ದೊರೆಯತೊಡಗಿದೆ. ಉನ್ಮಾದ ಮತ್ತು ಖಿನ್ನತೆಗಳ ನಡುವೆ ರೋಗಿಯನ್ನು ತೂಗಾಡಿಸುವ ಬೈಪೋಲಾರ್ ಕಾಯಿಲೆ ಇಂತಹ ಆತುರದ ತೀರ್ಮಾನಕ್ಕೆ ಸುಲಭವಾಗಿ ಈಡಾಗುತ್ತಿದೆ.

ವಿಜ್ಞಾನ ಹೇಳುವುದೇನು? ಮಿದುಳಿನ ಆಳದಲ್ಲಿರುವ ಅಮಿಗ್ಡಲ ಅಪಾಯವನ್ನು ಗ್ರಹಿಸುತ್ತದೆ. ಹಣೆಯ ಹಿಂದಿನ ಮುಮ್ಮಿದುಳು ಆ ಪ್ರಚೋದನೆಗೆ ಕಡಿವಾಣ ಹಾಕುತ್ತದೆ. ಇವೆರಡರ ಹೊಂದಾಣಿಕೆ ಸಡಿಲಗೊಂಡಾಗ, ಯೋಚಿಸುವ ಮೊದಲೇ ಕೈ ಎತ್ತುವ ಸ್ವಭಾವ ತಲೆದೋರುತ್ತದೆ ಎಂಬುದು ಪ್ರಚಲಿತ ವಿವರಣೆ. 2018ರಲ್ಲಿ ಪ್ರಕಟವಾದ ‘ಎನಿಗ್ಮಾ’ ಅಂತರರಾಷ್ಟ್ರೀಯ ಅಧ್ಯಯನವು 6,503 ಜನರ ಎಂಆರ್‌ಐ ಚಿತ್ರಗಳನ್ನು ಪರಿಶೀಲಿಸಿತು. ಬೈಪೋಲಾರ್ ಇರುವವರಲ್ಲಿ ಮುಮ್ಮಿದುಳೂ ಸೇರಿದಂತೆ ಕೆಲವೆಡೆ ಹೊರಪದರ ತೆಳುವಾಗಿರುವುದನ್ನು ಅದು ಗುರುತಿಸಿತು.

ಆದರೆ ಇದು ಗುಂಪಿನ ಸರಾಸರಿ. ಕಾಯಿಲೆ ಇರುವ ಅನೇಕರ ಮಿದುಳು ಇಲ್ಲದವರ ಮಿದುಳಿನಂತೆಯೇ ಕಾಣುತ್ತದೆ. ಯಾವುದೇ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ‘ಈತ ನಾಳೆ ಹೊಡೆಯುತ್ತಾನೆ’ ಎಂದು ಹೇಳಲಾಗದು. ಚಿತ್ರವನ್ನು ಓದುವ ವಿಧಾನವೂ ನಿರ್ವಿವಾದವಲ್ಲ. ಒಂದೇ ಎಫ್‌ಎಂಆರ್‌ಐ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟಾಗ ಹಲವು ಪ್ರಶ್ನೆಗಳಿಗೆ ಅವು ಭಿನ್ನ ಉತ್ತರ ಕೊಟ್ಟವೆಂದು 2020ರಲ್ಲಿ ‘ನೇಚರ್’ ಪತ್ರಿಕೆಯ ಪ್ರಬಂಧವೊಂದು ತೋರಿಸಿತು.

ಹಾಗಾದರೆ ಹಿಂಸೆಯ ಮೂಲ ಎಲ್ಲಿದೆ? 2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವು 3,743 ಬೈಪೋಲಾರ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿತು. ಅವರಲ್ಲಿ ಶೇ 8.4ರಷ್ಟು ಮಂದಿ ಹಿಂಸಾತ್ಮಕ ಅಪರಾಧಕ್ಕೆ ಶಿಕ್ಷೆಗೊಳಗಾಗಿದ್ದರು. ಸಾಮಾನ್ಯ ಜನರಲ್ಲಿ ಈ ಪ್ರಮಾಣ ಶೇ 3.5. ಆದರೆ ಮದ್ಯ, ಮಾದಕ ವಸ್ತುಗಳ ವ್ಯಸನವಿದ್ದ ರೋಗಿಗಳಲ್ಲಿ ಅದು ಶೇ 21.3 ಇತ್ತು. ವ್ಯಸನವಿಲ್ಲದವರಲ್ಲಿ ಶೇ 4.9 ಮಾತ್ರ. ಅಂದರೆ ಅಪಾಯ ಹೆಚ್ಚಾಗಿ ಅಡಗಿರುವುದು ಕಾಯಿಲೆಯಲ್ಲಲ್ಲ, ಅದರೊಂದಿಗೆ ಬೆಸೆದುಕೊಂಡ ವ್ಯಸನದಲ್ಲಿ.

ನ್ಯಾಯಾಲಯಗಳಿಗೂ ಇಲ್ಲಿ ಪಾಠವಿದೆ. ಮತಿವಿಕಲತೆಯ ವಿನಾಯಿತಿ ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್‌ನಲ್ಲಿದೆ. ಕೃತ್ಯ ಎಸಗುವ ಗಳಿಗೆಯಲ್ಲಿ ಆರೋಪಿಗೆ ಅದರ ಅರಿವಿತ್ತೇ ಎಂಬುದು ಅಲ್ಲಿನ ಪ್ರಶ್ನೆ. ಬಂಧನದ ನಂತರ ತೆಗೆದ ಚಿತ್ರ ಆ ಗಳಿಗೆಯನ್ನು ತೋರಿಸಲಾರದು. ಮಿದುಳಿನ ವಿದ್ಯುತ್ ತರಂಗಗಳನ್ನು ಅಳೆಯುವ ‘ಬ್ರೈನ್ ಮ್ಯಾಪಿಂಗ್’ ಬೇರೆಯೇ ತಂತ್ರ. ಅದನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸಕೂಡದೆಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿಯೇ ಹೇಳಿದೆ. ಯಂತ್ರದ ಮಾತನ್ನು ಅಂತಿಮವೆಂದು ಒಪ್ಪದ ಆ ಎಚ್ಚರ ಇಲ್ಲಿಯೂ ಬೇಕು.

ನಮ್ಮ ನಿಜವಾದ ಕೊರತೆ ಸ್ಕ್ಯಾನರ್‌ಗಳದ್ದಲ್ಲ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೈಪೋಲಾರ್ ಇರುವವರಲ್ಲಿ ಸುಮಾರು ಶೇ 70ರಷ್ಟು ಮಂದಿ ಚಿಕಿತ್ಸೆಯಿಂದ ವಂಚಿತರು. 1949ರಿಂದ ಬಳಕೆಗೆ ಬಂದ ಲಿಥಿಯಂ ಇಂದಿಗೂ ಈ ಕಾಯಿಲೆಯ ಪ್ರಮುಖ ಔಷಧಿ. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ದಾರಿ ಗೊತ್ತಿಲ್ಲ ಎನ್ನುವಂತಿಲ್ಲ.

ರೋಗಿಗೆ ‘ಅಪಾಯಕಾರಿ’ ಎಂಬ ಹಣೆಪಟ್ಟಿ ಅಂಟಿಸಿದಷ್ಟೂ ಕುಟುಂಬಗಳು ಕಾಯಿಲೆಯನ್ನು ಮುಚ್ಚಿಡುತ್ತವೆ, ಚಿಕಿತ್ಸೆ ತಡವಾಗುತ್ತದೆ. ಹಿಂಸೆಯನ್ನು ತಡೆಯುವ ಕಾಳಜಿ ನಮಗೆ ನಿಜವಾಗಿಯೂ ಇದ್ದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ, ಆಪ್ತಸಲಹೆ ಮತ್ತು ವ್ಯಸನಮುಕ್ತಿಯ ನೆರವು ಒಂದೇ ಸೂರಿನಡಿ ಸಿಗುವಂತೆ ಮಾಡುವುದು ಮೊದಲ ಕೆಲಸವಾಗಬೇಕು.