ಸೊಂಟದ ಪಟ್ಟಿ, ಮೂಟೆಯ ತಳ

ಸಂಕ್ರಾಂತಿಗೆ ಬಂದ ಸೊಸೆ ಬ್ಯಾಗಿಂದ ಒಂದು ದಪ್ಪನೆ ಚರ್ಮದ ಪಟ್ಟಿ ತೆಗೆದು ಕಿಟಕಿ ಸರಳಿಗೆ ನೇತುಹಾಕಿದಳು. ಅಂಗೈಯಗಲ ಇತ್ತು, ಮಡಿಸಿದರೆ ಮಡಿಸಕ್ಕಾಗದಷ್ಟು ಬಿರುಸು. ನಮ್ಮತ್ತೆ ಜಗಲಿ ಮೇಲೆ ಅವರೆಕಾಯಿ ಸುಲೀತಾ ಕೂತಿದ್ದರು.

"ಅದೇನಮ್ಮಿ, ಎತ್ತಿನ ಕೊರಳಿಗೆ ಕಟ್ಟೋದಾ?"

"ಅಲ್ಲ ಅಜ್ಜಿ, ನನ್ನ ಸೊಂಟಕ್ಕೆ. ಜಿಮ್ಮಲ್ಲಿ ಭಾರ ಎತ್ತುವಾಗ ಕಟ್ಕೋತೀನಿ."

"ಎಷ್ಟು ಭಾರ?"

"ಅರವತ್ತು ಕೆಜಿ."

"ಅಯ್ಯೋ ಶಿವನೆ! ಗರ್ಭಕೋಶ ಜಾರೋಯ್ತದೆ ಬುಡಮ್ಮಿ. ಹೆಂಗಸ್ರು ಎತ್ತೋ ಭಾರವಾ ಅದು?"

ಸೊಸೆ ನಕ್ಕಳು, ನಾನೂ ನಕ್ಕೆ. ಅತ್ತೆ ನಗಲಿಲ್ಲ. ಅವರು ಯಾಕೆ ನಗಲಿಲ್ಲ ಅನ್ನೋದು ನನಗೆ ಗೊತ್ತಾಗಿದ್ದು ರಾತ್ರಿ.

ಮೊದಲು ಈ "ಹೆಂಗಸ್ರು ಎತ್ತೋ ಭಾರ" ಅನ್ನೋ ಮಾತು. ಅಡುಗೆಮನೆ ಗ್ಯಾಸ್ ಸಿಲಿಂಡರಿನಲ್ಲಿ ಗ್ಯಾಸೇ 14.2 ಕೆಜಿ. ಕಬ್ಬಿಣದ ತೂಕವೂ ಸೇರಿದರೆ ತುಂಬಿದ ಸಿಲಿಂಡರ್ ಹತ್ತಿರ ಹತ್ತಿರ 30 ಕೆಜಿ. ಅದನ್ನ ಬಾಗಿಲಿಂದ ಒಲೆ ತನಕ ಉರುಳಿಸಿ, ಎತ್ತಿ, ಕೂರಿಸೋರು ಯಾರು? ನಮ್ಮ ಬಾಗೂರು ಸುತ್ತ ತಿಪ್ಪೆ ಗೊಬ್ಬರದ ಮಂಕರಿ ಹೊರೋರು, ಹುಲ್ಲಿನ ಹೊರೆ ತರೋರು, ತೋಟದಲ್ಲಿ ತೆಂಗಿನಕಾಯಿ ಆಯ್ದು ರಾಶಿ ಹಾಕೋರು ಯಾರು? ತಲೆ ಮೇಲೆ ಸಿಂಬೆ, ಸೊಂಟದಲ್ಲಿ ಮಗು, ಕೈಯಲ್ಲಿ ಬಿಂದಿಗೆ. ಆವಾಗ ಯಾರೂ ಗರ್ಭಕೋಶದ ಮಾತೆತ್ತಲ್ಲ. ಅದೇ ಹೆಂಗಸು ದುಡ್ಡು ಕೊಟ್ಟು, ಪ್ಯಾಂಟು ಹಾಕಿಕೊಂಡು, ತನಗೋಸ್ಕರ ಭಾರ ಎತ್ತಿದರೆ ಮಾತ್ರ ಊರಿಗೆಲ್ಲ ಅವಳ ಗರ್ಭಕೋಶದ ಚಿಂತೆ.

ಒಲಿಂಪಿಕ್ಸಿನಲ್ಲೂ ಹೆಂಗಸರ ಭಾರ ಎತ್ತುವ ಸ್ಪರ್ಧೆ ಸೇರಿದ್ದು 2000ದಲ್ಲಿ, ಸಿಡ್ನಿಯಲ್ಲಿ. ಅದೇ ವರ್ಷ ಪಕ್ಕದ ಆಂಧ್ರದ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕೆಜಿ ಎತ್ತಿ ಕಂಚು ತಂದಳು. 2021ರಲ್ಲಿ ಟೋಕಿಯೋದಲ್ಲಿ ಮಣಿಪುರದ ಮೀರಾಬಾಯಿ ಚಾನು 49 ಕೆಜಿ ವಿಭಾಗದಲ್ಲಿ ಒಟ್ಟು 202 ಕೆಜಿ ಎತ್ತಿ ಬೆಳ್ಳಿ ಗೆದ್ದಳು. ಚಿಕ್ಕಂದಿನಲ್ಲಿ ಆ ಹುಡುಗಿ ಸೌದೆ ಹೊರೆ ಹೊರುತ್ತಿದ್ದಳಂತೆ. ಹಾಗಾಗಿ ಎತ್ತಬಹುದಾ ಅನ್ನೋ ಪ್ರಶ್ನೆ ನನ್ನ ಮಟ್ಟಿಗೆ ಮುಗಿದಿದೆ. ಮುಟ್ಟು ನಿಂತ ಮೇಲೆ ಮೂಳೆ ಸವೆಯುತ್ತೆ, ಭಾರದ ವ್ಯಾಯಾಮ ಮೂಳೆಗೂ ಸ್ನಾಯುಗೂ ಒಳ್ಳೇದು ಅಂತ ಡಾಕ್ಟರುಗಳೇ ಹೇಳ್ತಾರೆ. ಉಳಿದಿರೋದು ಪಟ್ಟಿಯ ಪ್ರಶ್ನೆ.

ಸೊಸೆ ನನಗೆ ಪಟ್ಟಿ ಕಟ್ಟಿ ತೋರಿಸಿದಳು. "ಇದು ಬೆನ್ನನ್ನ ಹಿಡ್ಕೊಳ್ಳೋದಲ್ಲ ಅತ್ತೆ. ಹೊಟ್ಟೆ ತುಂಬ ಉಸಿರು ಎಳ್ಕೊಂಡು, ಹೊಟ್ಟೆಯಿಂದ ಪಟ್ಟಿನ ಸುತ್ತಲೂ ಒತ್ತಬೇಕು. ಆಗ ಒಳಗೆ ಗಟ್ಟಿಯಾಗುತ್ತೆ" ಅಂದಳು. ನನಗೆ ಥಟ್ಟನೆ ರಾಗಿ ಮೂಟೆ ನೆನಪಾಯ್ತು. ಅರ್ಧ ತುಂಬಿದ ಚೀಲ ನಿಲ್ಲಿಸಿದರೆ ಮಗ್ಗುಲಿಗೆ ಒರಗುತ್ತೆ. ಕುಲುಕಿ ಕುಲುಕಿ ತುಂಬಿ, ಬಾಯಿ ಬಿಗಿದು ಹೊಲಿದ ಮೂಟೆ ಮೇಲೆ ಇನ್ನೆರಡು ಮೂಟೆ ಹೇರಿದರೂ ಜಗ್ಗಲ್ಲ. ಹೊಟ್ಟೆಯೂ ಅಂಗೇ. ಒಳಗಿನ ಒತ್ತಡ ಹೆಚ್ಚಿದರೆ ಬೆನ್ನುಮೂಳೆಗೆ ಮುಂದಿನಿಂದ ಆಸರೆ ಸಿಗುತ್ತೆ.

ಆದರೆ ಮೂಟೆಗೆ ತಳ ಅಂತ ಒಂದಿರುತ್ತೆ. ತಳದ ಹೊಲಿಗೆ ಸಡಿಲ ಇದ್ದರೆ, ಮೇಲೆ ಬಿಗಿದಷ್ಟೂ ರಾಗಿ ಕೆಳಗಿಂದ ಸುರಿಯುತ್ತೆ. ಹೆಂಗಸರ ಹೊಟ್ಟೆಯ ತಳದಲ್ಲಿ ಜೋಲಿ ಕಟ್ಟಿದ ಹಾಗೆ ಸ್ನಾಯುಗಳಿವೆ. ಮೂತ್ರಕೋಶ, ಗರ್ಭಕೋಶ, ಮಲದ ಕರುಳು ಮೂರನ್ನೂ ಹೊತ್ತಿರೋದು ಅವೇ. ಪೆಲ್ವಿಕ್ ಫ್ಲೋರ್ ಅಂತಾರೆ. ಹೆರಿಗೆಯಲ್ಲಿ ಅವು ಹಿಗ್ಗುತ್ತವೆ, ಕೆಲವರಿಗೆ ಹರಿಯುತ್ತವೆ. ಮುಟ್ಟು ನಿಂತ ಮೇಲೆ ಇನ್ನಷ್ಟು ಸೊರಗುತ್ತವೆ. ಪಟ್ಟಿ ಬಿಗಿದು ಉಸಿರು ಕಟ್ಟಿದಾಗ ಒತ್ತಡ ಬೆನ್ನಿನ ಕಡೆಗೆ ಮಾತ್ರ ಹೋಗಲ್ಲ, ಈ ತಳದ ಮೇಲೂ ಬೀಳುತ್ತೆ.

"ಎತ್ತುವಾಗ ಒಂದೆರಡು ತೊಟ್ಟು ಜಾರುತ್ತೆ ಅತ್ತೆ, ಜಿಮ್ಮಲ್ಲಿ ತುಂಬ ಜನಕ್ಕೆ ಆಗುತ್ತಂತೆ" ಅಂತ ಸೊಸೆ ಮೆಲ್ಲಗೆ ಅಂದಳು. ಅವಳ ಮಗುವಿಗೆ ಈಗ ಎರಡು ವರ್ಷ. ನಾನು ಸುಮ್ಮನಾದೆ. ಯಾಕೆಂದರೆ ನನಗೆ ಸೀನಿದರೂ ಜಾರುತ್ತೆ. ಎಂಟು ವರ್ಷದಿಂದ. ಯಾರಿಗೂ ಹೇಳಿರಲಿಲ್ಲ.

ರಾತ್ರಿ ಸೊಸೆ ಮಗು ಮಲಗಿಸೋಕೆ ಹೋದ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡರು. "ನಂಗೆ ಇಳಿದದೆ ಕಣಮ್ಮಿ" ಅಂದ್ರು. ನಮ್ಮ ಯಜಮಾನರು ಹುಟ್ಟಿ ಇನ್ನೂ ಒಂದು ತಿಂಗಳಾಗಿರಲಿಲ್ಲವಂತೆ. ಸುಗ್ಗಿ ಕಾಲ, ಕಣದಲ್ಲಿ ಆಳಿಲ್ಲ. ಬಾಣಂತಿ ಹೊಟ್ಟೆಗೆ ಹಳೇ ಸೀರೆ ಬಿಗಿದು ಕಟ್ಟಿಕೊಂಡು ರಾಗಿ ಹೊತ್ತರಂತೆ. ಕಟ್ಟಿದೀನಲ್ಲ, ಏನೂ ಆಗಲ್ಲ ಅಂತ ಧೈರ್ಯ. ಅವತ್ತಿಂದ ಕೆಳಗೆ ಭಾರ, ಆಮೇಲೆ ಗಂಟು ಬಂದ ಹಾಗೆ. ಐವತ್ತು ವರ್ಷ ಬಟ್ಟೆ ಒತ್ತಿಕೊಂಡು ಬದುಕಿದ್ದಾರೆ. ನಾನು ಈ ಮನೆಗೆ ಬಂದು ಮೂವತ್ತು ವರ್ಷದ ಮೇಲಾಯ್ತು, ಒಂದೇ ಬಚ್ಚಲು, ನನಗೇ ಗೊತ್ತಿಲ್ಲ. ಬೆಳಿಗ್ಗೆ ಅವರು ಸೊಸೆಗೆ ಹೇಳಿದ್ದು ಗೊಡ್ಡು ಮಾತಾಗಿರಲಿಲ್ಲ. ಸ್ವಂತ ಅನುಭವದ ಮಾತಾಗಿತ್ತು.

ಇದನ್ನ ಬರೆಯಲೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ಅತ್ತೆಯೇ "ಬರಿ, ನಾಚ್ಕೆ ಪಟ್ಟು ನಂಗೇನು ಬಂತು" ಅಂದರು.

ಈಗ ನನ್ನ ಅಭಿಪ್ರಾಯ. ಪಟ್ಟಿ ಹೆಂಗಸರೂ ಕಟ್ಟಬಹುದು. ಆದರೆ ಮೊದಲ ದಿನವೇ ಬೇಡ. ಕೆಲವು ತಿಂಗಳು ಪಟ್ಟಿ ಇಲ್ಲದೆ ಎತ್ತೋದು ಕಲೀಬೇಕು. ಮಂಡಿ ಬಗ್ಗಿಸಿ, ಭಾರ ಮೈಗೆ ಹತ್ತಿರ ಹಿಡಿದು, ಬೆನ್ನು ಗೂನು ಮಾಡದೆ. ಪಟ್ಟಿ ಬೇಕಾಗೋದು ತನ್ನ ಶಕ್ತಿಯ ಕೊನೆ ಹತ್ತಿರ ಬರೋ ಭಾರಕ್ಕೆ ಮಾತ್ರ, ನೂರು ಎತ್ತಬಲ್ಲವಳು ಎಂಬತ್ತು ದಾಟಿದ ಮೇಲೆ ಅಂತ ಲೆಕ್ಕ ಇಟ್ಟುಕೊಳ್ಳಿ. ಕೈ ಕಾಯಿಸೋ ಸಣ್ಣ ಭಾರಕ್ಕೆ, ಟ್ರೆಡ್‌ಮಿಲ್ ಮೇಲೆ ನಡೆಯೋಕೆ ಅದು ಬೇಡ.

ಗಂಡನ ಪಟ್ಟಿ, ಅಣ್ಣನ ಪಟ್ಟಿ ಕಟ್ಟಬೇಡಿ. ಭಾರ ಎತ್ತೋರು ಸಾಮಾನ್ಯವಾಗಿ ಕಟ್ಟೋದು 10 ಸೆಂಟಿಮೀಟರ್ ಅಗಲದ್ದು. ನಮ್ಮಲ್ಲಿ ಕುಳ್ಳಗಿರೋರಿಗೆ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಅಷ್ಟು ಜಾಗವೇ ಇರಲ್ಲ, ಬಗ್ಗಿದರೆ ಎರಡೂ ಕಡೆ ಚುಚ್ಚುತ್ತೆ. ಅಂಥವರಿಗೆ ಏಳೂವರೆ ಸೆಂಟಿಮೀಟರಿನದು ಸಾಕು. ಹೊಕ್ಕುಳ ಮಟ್ಟಕ್ಕೆ ಕಟ್ಟಿ, ಕಟ್ಟಿದ ಮೇಲೂ ಹೊಟ್ಟೆ ತುಂಬ ಉಸಿರು ಎಳೆಯೋಕೆ ಆಗಬೇಕು. ಸೊಂಟ ಸಣ್ಣ ಕಾಣಲಿ ಅಂತ ಉಸಿರು ಸಿಕ್ಕಿಕೊಳ್ಳೋ ಹಾಗೆ ಬಿಗಿದರೆ ಉಪಯೋಗವೂ ಇಲ್ಲ, ತಳದ ಮೇಲೆ ಭಾರ ಬೇರೆ. ಭಾರ ಇಳಿಸಿದ ಕೂಡಲೇ ಸಡಿಲ ಮಾಡಿ.

ಬಿಪಿ ಇರೋರು, ಹರ್ನಿಯಾ ಇರೋರು, ಗರ್ಭಕೋಶದ ಆಪರೇಷನ್ ಆದೋರು, ಬಸುರಿಯರು ಡಾಕ್ಟರನ್ನ ಕೇಳದೆ ಕಟ್ಟಲೇಬಾರದು. ಎತ್ತುವಾಗ ಮೂತ್ರ ಜಾರಿದರೆ, ಕೆಳಗೆ ಭಾರ ಅನ್ನಿಸಿದರೆ, ಏನೋ ಉಬ್ಬಿದ ಹಾಗಾದರೆ ಅವತ್ತಿಗೆ ನಿಲ್ಲಿಸಿ, ತೋರಿಸಿ. "ಎಲ್ಲರಿಗೂ ಆಗುತ್ತೆ" ಅನ್ನೋದು ಸುಮ್ಮನಿರೋಕೆ ಕಾರಣ ಅಲ್ಲ. ಜಿಮ್ಮಿನ ಮಾಸ್ತರುಗಳಿಗೂ ಒಂದು ಮಾತು. ಹೆಂಗಸರು ಸೇರುವಾಗ ತೂಕ, ಎತ್ತರ ಬರ್ಕೋತೀರಲ್ಲ, ಹೆರಿಗೆ ಎಷ್ಟಾಗಿದೆ, ಯಾವಾಗ ಆಗಿದೆ ಅಂತಲೂ ಕೇಳಿ. ನಿಮಗೆ ಸಂಕೋಚ ಆದರೆ ಒಬ್ಬ ಹೆಣ್ಣುಮಗಳ ಕೈಲಿ ಕೇಳಿಸಿ.

ಇನ್ನು ಮೆಡಿಕಲ್ ಸ್ಟೋರಿನಲ್ಲಿ ಸಿಗೋ ಸೊಂಟದ ಬೆಲ್ಟು. ಇದು ಬೇರೆ, ಜಿಮ್ಮಿನದು ಬೇರೆ. ನಾನು ಬೆನ್ನುನೋವು ಅಂದಾಗ ಅಂಗಡಿಯವನು ಕೊಟ್ಟ, ನಾನು ಕಟ್ಟಿದೆ. ಮೂರು ವರ್ಷ, ಬೆಳಿಗ್ಗೆ ಮುದ್ದೆ ತೊಳಸೋದರಿಂದ ರಾತ್ರಿ ಪಾತ್ರೆ ತೊಳೆಯೋ ತನಕ. ಬಿಚ್ಚಿದರೆ ಸೊಂಟವೇ ನಿಲ್ಲದ ಹಾಗಾಗಿತ್ತು. ಕೊನೆಗೆ ಫಿಸಿಯೋಥೆರಪಿ ಹೆಣ್ಣುಮಗಳು, "ಕೆಲಸವನ್ನೆಲ್ಲ ಬೆಲ್ಟಿಗೆ ಬಿಟ್ಟುಬಿಟ್ಟಿದ್ದೀರಮ್ಮ, ನಿಮ್ಮ ಸ್ನಾಯು ಸೋಮಾರಿಯಾಗಿವೆ" ಅಂತ ಬೈದು ಮೆಲ್ಲಗೆ ಬಿಡಿಸಿದಳು. ಅಮೆರಿಕದಲ್ಲಿ ಅಂಗಡಿಗಳಲ್ಲಿ ಸಾಮಾನು ಎತ್ತಿಳಿಸೋ ಸಾವಿರಾರು ಕೆಲಸಗಾರರನ್ನ ಗಮನಿಸಿ 2000ದಲ್ಲಿ ಒಂದು ವರದಿ ಬಂತು. ಬೆಲ್ಟು ಕಟ್ಟಿದೋರಿಗೂ ಕಟ್ಟದೋರಿಗೂ ಬೆನ್ನುನೋವಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ. ಸೊಸೆ ಓದಿ ಹೇಳಿದಳು. ಡಾಕ್ಟರು ಇಷ್ಟು ದಿನ ಅಂತ ಹೇಳಿ ಬರೆದುಕೊಟ್ಟರೆ ಕಟ್ಟಿ, ಅಂಗಡಿಯವನ ಮಾತಿಗೆ ಬೇಡ.

ಮನೆ ಭಾರಕ್ಕೆ ಯಾವ ಪಟ್ಟಿಯೂ ಬೇಡ. ಸಿಲಿಂಡರ್ ಎತ್ತೋಕೆ ಮಗನನ್ನ ಕರೀರಿ. ಒಂದು ತುಂಬು ಬಿಂದಿಗೆ ಬದಲು ಎರಡು ಅರ್ಧ ಬಿಂದಿಗೆ ತನ್ನಿ. ಎತ್ತುವಾಗ ಉಸಿರು ಬಿಡಿ. ಬಾಣಂತಿಗೆ ಬಟ್ಟೆ ಕಟ್ಟೋ ಪದ್ಧತಿಯನ್ನ ನಾನು ಹಳಿಯಲ್ಲ, ಹದವಾಗಿ ಕಟ್ಟಿದರೆ ಹೊಟ್ಟೆಗೆ ಒಂದು ಆಸರೆ ಅನ್ನಿಸುತ್ತೆ. ಆದರೆ ಕಟ್ಟಿದ್ದೀವಿ ಅಂತ ಅವಳ ಕೈಲಿ ಭಾರ ಹೊರಿಸಬೇಡಿ. ನಮ್ಮತ್ತೆಗೆ ಆಗಿದ್ದು ಅದೇ.

ಹಬ್ಬ ಕಳೆದ ಮೇಲೆ ಮೂರೂ ಜನ ಹಾಸನಕ್ಕೆ ಹೋದೆವು. ಅತ್ತೆಗೆ ಈ ವಯಸ್ಸಲ್ಲಿ ಆಪರೇಷನ್ ಬೇಡ ಅಂತ ಡಾಕ್ಟರಮ್ಮ ಒಳಗೆ ಒಂದು ಮೆತ್ತನೆ ಉಂಗುರದಂಥದ್ದು ಇಟ್ಟರು. ಕೆಲವು ತಿಂಗಳಿಗೊಮ್ಮೆ ಹೋಗಿ ತೆಗೆಸಿ, ತೊಳೆಸಿ, ಮತ್ತೆ ಇಡಿಸಬೇಕು. ನನಗೂ ಸೊಸೆಗೂ ತಳದ ಸ್ನಾಯುವಿನ ವ್ಯಾಯಾಮ. ಮೂತ್ರ ತಡೆಯೋ ಹಾಗೆ ಒಳಗೆ ಬಿಗಿಹಿಡಿದು ಬಿಡೋದು, ದಿನಕ್ಕೆ ಮೂರು ಸಲ. ಸೊಸೆಗೆ ಮೂರು ತಿಂಗಳು ಸಣ್ಣ ಭಾರ, ಪಟ್ಟಿ ಇಲ್ಲದೆ. ಆಮೇಲೆ ಮತ್ತೆ ತೋರಿಸಿ ಕಟ್ಟಬಹುದು ಅಂದರು. ಅವಳ ಪಟ್ಟಿ ಸದ್ಯಕ್ಕೆ ನಮ್ಮ ಕಿಟಕಿಯಲ್ಲೇ ನೇತಾಡ್ತಿದೆ.

ಬಸ್ಸಲ್ಲಿ ವಾಪಸ್ ಬರುವಾಗ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಚನ್ನರಾಯಪಟ್ಟಣ ದಾಟಿದ ಮೇಲೆ "ಹತ್ತು ನಿಮಿಷದ ಕೆಲ್ಸ ಕಣಮ್ಮಿ" ಅಂದ್ರು. "ಐವತ್ತು ವರ್ಷ ಹೊತ್ತೆ."

ನಿಮ್ಮ ಮನೆಯಲ್ಲೂ ಅತ್ತೆ, ಅಮ್ಮ ಇದ್ದರೆ ಇವತ್ತು ರಾತ್ರಿ ಒಸಿ ಪಕ್ಕದಲ್ಲಿ ಕೂತು ಕೇಳಿ.